ಎಡಗೈಯ ಮೀನು

ಬದ್ರಿಯಾ ಬೆಳಗ್ಗೆ ಎದ್ದರೆ ಮುಖ ತೊಳೆಯುವುದಕ್ಕೂ ಮೊದಲು ಎದುರು ಅಂಗಡಿಯನ್ನು ನೋಡುತ್ತಿದ್ದಳು. ಹದಿನಾರು ವರ್ಷದ ಅಭ್ಯಾಸ. ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಸರಿಸಿ, ಓಣಿಯಾಚೆ ತನ್ನ ಓರಗಿತ್ತಿ ಕೌಸರ್‌ಳ ಬಾಗಿಲಲ್ಲಿ ಎಷ್ಟು ಜನ ನಿಂತಿದ್ದಾರೆಂದು ಎಣಿಸಿದ ಮೇಲೆಯೇ ಅವಳ ದಿನ ಶುರು. ಜನ ಕಡಿಮೆ ಇದ್ದ ದಿನ ಚಹಾಕ್ಕೆ ಹದವಾಗಿ ಸಕ್ಕರೆ ಬೀಳುತ್ತಿತ್ತು, ಹೆಚ್ಚಿದ್ದ ದಿನ ಬೀಳುತ್ತಲೇ ಇರಲಿಲ್ಲ. ಗಂಡ ಶಹಾತಾ ಒಂದು ಗುಟುಕು ಕುಡಿದು, ಮುಖ ಕಿವುಚಿ, ಮಗನ ಹೆಸರು ಹಿಡಿದು ಕರೆದು ಕೇಳುತ್ತಿದ್ದ: "ಏನು ರಿಫಾತನವ್ವ, ಎದುರುಗಡೆ ಇವತ್ತು ಸಂತೆ ನೆರೆದಿದ್ಯಾ?"

"ನಂಗೇನು ಗೊತ್ತು? ನಾನು ನೋಡಿಲ್ಲ," ಎನ್ನುತ್ತಿದ್ದಳು ಬದ್ರಿಯಾ.

ಅವಳದು ಐವತ್ತರ ವಯಸ್ಸು. ಉಪ್ಪಿನಲ್ಲಿ ಮೂವತ್ತೊಂದು ವರ್ಷ ಕೈಯಾಡಿಸಿ ಬೆರಳ ತುದಿಗಳೆಲ್ಲ ಬೆಳ್ಳಗೆ ಬಿರುಕುಬಿಟ್ಟಿದ್ದವು. ನೈಲ್ ನದಿ ಕವಲೊಡೆದು ಕಡಲಿಗೆ ಹೋಗುವ ಸೀಮೆಯಲ್ಲಿ ನಮ್ಮೂರಿಗೆ ಇರುವುದು ಒಂದೇ ಹೆಸರು, ಫಿಸೀಖ್ ಮೀನಿನದು. ಕೊಳದ ಬೂರಿ ಮೀನನ್ನು ಒಂದು ಹಗಲು ನೆರಳಲ್ಲಿ ಉಬ್ಬಲು ಬಿಟ್ಟು, ಕಿವಿರಿಗೆ ಉಪ್ಪು ತುರುಕಿ, ಪೀಪಾಯಿಯಲ್ಲಿ ಪದರ ಪದರವಾಗಿ ಒತ್ತಿ, ಗಾಳಿಯಾಡದಂತೆ ತಿಂಗಳು ಮುಚ್ಚಿಟ್ಟರೆ ಆಗುವ ಪದಾರ್ಥ. ವಾಸನೆಗೆ ಮೂಗು ಮುಚ್ಚುವವರು ಇದ್ದಾರೆ. ಅವರೇ ವಸಂತದ ಶಮ್ ಎನ್ನಸೀಮ್ ಹಬ್ಬದ ದಿನ ಈರುಳ್ಳಿ, ನಿಂಬೆ, ರೊಟ್ಟಿಯ ಜೊತೆ ಇದನ್ನು ತಿಂದು ಬೆರಳು ನೆಕ್ಕುವುದನ್ನೂ ನಾವು ಕಂಡಿದ್ದೇವೆ. ಹದ ತಪ್ಪಿದರೆ ಮಾತ್ರ ಇದು ವಿಷ. ಪ್ರತಿ ವರ್ಷ ಎಲ್ಲೋ ಒಂದು ಊರಲ್ಲಿ ಯಾರೋ ಒಬ್ಬರು ಇದನ್ನು ತಿಂದು ಸಾಯುತ್ತಾರೆ. ಹಾಗಾಗಿ ಫಿಸೀಖ್ ಮಾಡುವವರ ಬಂಡವಾಳವೆಲ್ಲ ಜನರ ನಂಬಿಕೆ. ಅದು ಹೋದರೆ ಅಂಗಡಿಗೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು.

ಬದ್ರಿಯಾ ಹತ್ತೊಂಬತ್ತರಲ್ಲಿ ಸೊಸೆಯಾಗಿ ಬಂದಾಗ ಅತ್ತೆ ರತೀಬಾಳ ಕೈಗೆ ಸುತ್ತ ಹತ್ತೂರಲ್ಲಿ ಹೆಸರಿತ್ತು. ಅತ್ತೆಯದೊಂದು ಗುಟ್ಟಿತ್ತು. ಕಿವಿರಿಗೆ ಉಪ್ಪು ತುರುಕಿದ ಮೇಲೆ ಅದರ ಮುಚ್ಚಳವನ್ನು ಹೆಬ್ಬೆರಳಿನಿಂದ ಹೊರಕ್ಕೆ ಮಡಚಿಬಿಡುವುದು. ಉಪ್ಪುನೀರು ಒಳಗಿಳಿಯಲೆಂದು ಅವಳೇ ಕಂಡುಕೊಂಡ ಉಪಾಯ, ಊರಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಮಡಚುವುದು ಒಂದು ಪಕ್ಕ ಮಾತ್ರ. ಬಲಗೈಯವರು ಮಾಡಿದರೆ ಮೀನಿನ ಎಡಕಿವಿರು ಮಡಚಿಕೊಳ್ಳುತ್ತದೆ. ಬದ್ರಿಯಾ ಮೂರು ತಿಂಗಳಲ್ಲಿ ಅದನ್ನು ಕಲಿತಳು. ಇನ್ನು ಈ ಮನೆಯ ಕೈ ನನ್ನದೇ ಎಂದುಕೊಂಡಳು.

ಐದು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ಕೌಸರ್ ಬಂದಳು. ಬಡಕಲು ಹುಡುಗಿ, ಮಾತು ಕಡಿಮೆ, ಮೇಲಾಗಿ ಎಡಚಿ. ಊಟಕ್ಕೆ ಕೂತರೆ ರೊಟ್ಟಿಗೂ ಎಡಗೈಯೇ ಮುಂದಾಗುತ್ತಿತ್ತು. "ಎಡಗೈಲಿ ತಿನ್ನೋರ ಪಕ್ಕ ಸೈತಾನ ಕೂತು ತಿಂತಾನಂತೆ. ಸ್ವಲ್ಪ ಆಚೆ ಸರಿ, ಅವನಿಗೂ ಜಾಗ ಬೇಕು," ಎಂದು ಬದ್ರಿಯಾ ಎಲ್ಲರೆದುರು ಹಂಗಿಸುತ್ತಿದ್ದಳು, ಚಮಚದಿಂದ ಅವಳ ಬೆರಳಿಗೆ ತಟ್ಟುತ್ತಿದ್ದಳು. ಕೌಸರ್ ಬಲಗೈಯಲ್ಲಿ ತಿನ್ನುವುದನ್ನು ಕಲಿತಳು. ಆದರೆ ಮೀನಿನ ಕೆಲಸಕ್ಕೆ ಕೂತರೆ ಎಡಗೈಯೇ ಬೇಕು. ಅವಳು ತುಂಬಿದ ಮೀನುಗಳಲ್ಲಿ ಬಲಕಿವಿರು ಮಡಚಿರುತ್ತಿತ್ತು. ಗಿರಾಕಿಗಳಿಗೆ ಇದೆಲ್ಲ ಎಲ್ಲಿ ಕಾಣಬೇಕು? ಕಾಣುತ್ತಿದ್ದದ್ದು ಆ ಮನೆಯ ಮೂವರು ಹೆಂಗಸರಿಗೆ ಮಾತ್ರ.

ಅತ್ತೆ ಸಾಯುವ ಮುಂಚೆ ಎಂಟು ತಿಂಗಳು ಹಾಸಿಗೆ ಹಿಡಿದಳು. ಮಲಮೂತ್ರ ಬಳಿದದ್ದು ಬದ್ರಿಯಾ. ಬೆನ್ನು ಒರೆಸಿದ್ದು, ಗಂಜಿ ಕುಡಿಸಿದ್ದು, ಬೈಸಿಕೊಂಡದ್ದು ಎಲ್ಲ ಬದ್ರಿಯಾ. ಕೊನೆಗೆ ಒಂದು ಶುಕ್ರವಾರ, ಮನೆ ತುಂಬ ನೆಂಟರು ಕೂತಿರುವಾಗ, ಮುದುಕಿ ಕಣ್ಣು ತೆರೆದು ಹೇಳಿದ್ದು ಒಂದೇ ಮಾತು: "ಪೀಪಾಯಿ ಎಡಚಿಗೆ ಕೊಡಿ."

ಅದು ಹಿಪ್ಪುನೇರಳೆ ಮರದ ಪೀಪಾಯಿ, ಅತ್ತೆಯ ಅತ್ತೆಯ ಕಾಲದ್ದು. ನೂರು ವರ್ಷದ ಉಪ್ಪು ಕುಡಿದು ಅದರ ಹಲಗೆಗಳು ಕಪ್ಪಗಾಗಿದ್ದವು. ಅದರಲ್ಲಿಟ್ಟ ಮೀನಿಗೆ ಬೇರೆಯೇ ರುಚಿ ಎಂದು ಊರು ನಂಬಿತ್ತು. ಯಾಕೆ ಕೌಸರ್‌ಗೆ ಎಂದು ಮುದುಕಿ ಹೇಳಲಿಲ್ಲ, ಹೇಳುವ ಮೊದಲೇ ಹೋಗಿಬಿಟ್ಟಳು. ಬದ್ರಿಯಾ ಅವತ್ತು ಅತ್ತಳು. ಅತ್ತೆಗಾಗಿ ಅತ್ತಳೆಂದು ನೆಂಟರೆಲ್ಲ ಸಮಾಧಾನ ಮಾಡಿದರು.

ಆಮೇಲೆ ಮನೆ ಎರಡಾಯಿತು, ಅಂಗಡಿ ಎರಡಾಯಿತು. ಶಹಾತಾ ಒಂದೇ ಲಾರಿಯಲ್ಲಿ, ಒಂದೇ ಕೊಳದಿಂದ, ಎರಡೂ ಅಂಗಡಿಗೆ ಮೀನು ತಂದು ಹಾಕುತ್ತಿದ್ದ. ಉಪ್ಪೂ ಒಂದೇ. "ಕಣ್ಣು ಕಟ್ಟಿ ತಿನ್ನಿಸಿದ್ರೆ ಯಾವುದು ನಿಂದು, ಯಾವುದು ಅವಳದು ಅಂತ ನನ್ನಪ್ಪನಿಗೂ ಹೇಳಕ್ಕಾಗಲ್ಲ," ಎನ್ನುತ್ತಿದ್ದ. ಸಮಾಧಾನಕ್ಕೆಂದು ಹೇಳಿದ ಮಾತು ಬದ್ರಿಯಾಳಿಗೆ ಚುಚ್ಚುತ್ತಿತ್ತು. ಅಷ್ಟೂ ಒಂದೇ ಆದರೆ ಜನ ಅಲ್ಲಿಗೆ ಯಾಕೆ ಹೋಗಬೇಕು?

ಕೌಸರ್‌ಳ ಗಂಡ ಆರು ವರ್ಷದ ಹಿಂದೆ ತೀರಿಕೊಂಡ. ಮಕ್ಕಳಿಲ್ಲ. ಸೂತಕ ಕಳೆದು ನಾಲ್ಕು ತಿಂಗಳಿಗೆ ಅವಳು ಫೋನನ್ನು ಉಪ್ಪಿನ ಚೀಲಕ್ಕೆ ಒರಗಿಸಿಟ್ಟು, ತಾನು ಮೀನು ತುಂಬುವುದನ್ನು ಸುಮ್ಮನೆ ತೋರಿಸತೊಡಗಿದಳು. ಮಾತಿಲ್ಲ, ನಗುವಿಲ್ಲ. ಆ ಎಡಗೈ ಮಾತ್ರ ಓಡುತ್ತಿತ್ತು. ಒಂದು ವರ್ಷದೊಳಗೆ ಲಕ್ಷ ಜನ ನೋಡತೊಡಗಿದರು. ಕೈರೋದಿಂದ ಕಾರುಗಳು ಬಂದವು, ಓಣಿಯಲ್ಲಿ ಟುಕ್‌ಟುಕ್ ಹೋಗಲು ಜಾಗವಿಲ್ಲದಂತೆ ನಿಂತವು. "ಎಡಗೈಯ ಫಿಸೀಖ್ ಎಲ್ಲಿ ಸಿಗುತ್ತೆ?" ಎಂದು ಆ ಕಾರಿನವರು ದಾರಿ ಕೇಳುತ್ತಿದ್ದದ್ದು ಯಾರನ್ನು? ಬಾಗಿಲಲ್ಲಿ ನಿಂತ ಬದ್ರಿಯಾಳನ್ನು. ತಾನು ಚಮಚದಲ್ಲಿ ತಟ್ಟಿದ ಕೈಗೆ ಊರೂರಿನ ಜನ ಸಲಾಮು ಹೊಡೆಯುವುದನ್ನು ನೋಡಿ ಅವಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ, ಓಣಿಗೆಲ್ಲ ಗೊತ್ತಿದ್ದ ವಿಷಯ.

ಗೊತ್ತಿಲ್ಲದ್ದು ಒಂದಿತ್ತು. ಬದ್ರಿಯಾ "ನೈಲ್ ಮಲ್ಲಿಗೆ" ಎಂದು ಸುಳ್ಳು ಹೆಸರಿಟ್ಟುಕೊಂಡು ಕೌಸರ್‌ಳ ಒಂದೊಂದು ವಿಡಿಯೋವನ್ನೂ ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದಳು. ಎರಡೆರಡು ಸಲ. "ಉಪ್ಪು ಜಾಸ್ತಿಯಾಯಿತು," "ಮೀನು ಚಿಕ್ಕದು," "ಹಿರಿಯರಿಂದ ಕಲಿತವರ ಕೆಲಸ ಹೀಗಿರುವುದಿಲ್ಲ" ಎಂದು ಕೆಳಗೆ ಬರೆಯುತ್ತಿದ್ದಳು. ಸಾವಿರಾರು ಜನ ಬರೆದರೂ ಕೌಸರ್ ನೈಲ್ ಮಲ್ಲಿಗೆಗೆ ಮಾತ್ರ ತಪ್ಪದೆ ಉತ್ತರ ಕೊಡುತ್ತಿದ್ದಳು: "ಸರಿ ಅಕ್ಕ. ನೋಡಿಕೊಳ್ಳುತ್ತೇನೆ ಅಕ್ಕ." ಅದನ್ನು ಓದಿ ಬದ್ರಿಯಾಳಿಗೆ ಮತ್ತಷ್ಟು ಉರಿಯುತ್ತಿತ್ತು. ಇವಳಿಗೆ ಸಿಟ್ಟೂ ಬರುವುದಿಲ್ಲವಲ್ಲ.

ಈ ವರ್ಷದ ಹಬ್ಬದ ಸೋಮವಾರ ಬಂತು. ಬೆಳಗ್ಗೆ ಎಂಟಕ್ಕೆಲ್ಲ ಜನ ಬಣ್ಣದ ಮೊಟ್ಟೆ, ಚಾಪೆ, ಸೊಪ್ಪಿನ ಕಟ್ಟು ಹೊತ್ತುಕೊಂಡು ಕಾಲುವೆ ದಂಡೆಗೆ ಹೊರಟಿದ್ದರು. ಎದುರುಗಡೆ ಸಾಲು ಮಸೀದಿಯ ಮೂಲೆ ದಾಟಿತ್ತು. ಬದ್ರಿಯಾಳ ಬಾಗಿಲಲ್ಲಿ ಹಳೆಯ ಗಿರಾಕಿಗಳು ಆರೇಳು ಜನ. ಅವರಲ್ಲೂ ಇಬ್ಬರು ಕತ್ತು ಉದ್ದ ಮಾಡಿ ಆಚೆಗೇ ನೋಡುತ್ತಿದ್ದರು.

ಒಂಬತ್ತೂವರೆಗೆ ಫೋನು ಗುಂಯ್‌ಗುಟ್ಟಿತು. ಫೋನ್ ರಿಪೇರಿ ಅಂಗಡಿಯ ಮಿದ್‌ಹತ್ ನಡೆಸುವ "ನಮ್ಮೂರು ಈ ಕ್ಷಣ" ಎಂಬ ಪುಟದ ಸುದ್ದಿ. ಊರಿನಲ್ಲಿ ಕೋಳಿ ಕಳುವಾದರೂ ಕಳ್ಳನಿಗಿಂತ ಮೊದಲು ಮಿದ್‌ಹತ್‌ಗೆ ಗೊತ್ತಾಗಬೇಕು, ಅಂಥ ಚಪಲ ಅವನದು. "ತುರ್ತು: ಫಿಸೀಖ್ ತಿಂದು ಒಂದೇ ಮನೆಯ ನಾಲ್ವರು ಆಸ್ಪತ್ರೆಗೆ. ಶಾಲೆಯ ಗುಮಾಸ್ತ ತೌಫೀಕ್‌ರ ಕುಟುಂಬ. ದೇವರೇ ಕಾಪಾಡಬೇಕು." ಕೆಳಗೊಂದು ಚಿತ್ರ. ತೌಫೀಕ್‌ನ ಮಗಳು ಹಬ್ಬದ ಊಟಕ್ಕೆ ಕೂತಾಗ ತಾನೇ ತೆಗೆದು ಗೆಳತಿಯರಿಗೆ ಕಳಿಸಿದ್ದು. ಅಪ್ಪ, ಅಮ್ಮ, ತಮ್ಮ, ಅಂಚಿನಲ್ಲಿ ನಗುವ ಹುಡುಗಿ. ಎಲ್ಲರ ಕೈಯಲ್ಲೂ ರೊಟ್ಟಿ. ನಡುವೆ ತಟ್ಟೆ, ತಟ್ಟೆಯಲ್ಲಿ ಮೀನು.

ಬದ್ರಿಯಾ ಮನುಷ್ಯರನ್ನು ನೋಡಲಿಲ್ಲ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ಮೀನನ್ನು ನೋಡಿದಳು. ಕಿವಿರು ಮಡಚಿತ್ತು. ಅಂದರೆ ತಮ್ಮ ಮನೆಯದೇ. ತನ್ನದೋ, ಅವಳದೋ? ಇನ್ನಷ್ಟು ಹಿಗ್ಗಿಸಿದಳು. ಮೀನಿನ ತಲೆ ಬಲಕ್ಕಿತ್ತು, ಮೇಲೆ ಕಾಣುತ್ತಿದ್ದದ್ದು ಬಲಮಗ್ಗುಲು, ಮಡಚಿದ್ದು ಬಲಕಿವಿರು.

ಎಡಚಿಯ ಕೈ.

ಆಗ ಅವಳಿಗಾದದ್ದು ಸಂತೋಷ. ಬೇರೆ ಹೆಸರಿಟ್ಟು ಕರೆಯುವುದರಲ್ಲಿ ಅರ್ಥವಿಲ್ಲ. ನಾಲ್ಕು ಜೀವ ಆಸ್ಪತ್ರೆಯಲ್ಲಿದೆ ಎಂಬುದು ಎಲ್ಲೋ ಹಿಂದೆ ಉಳಿಯಿತು, ಮುಂದೆ ಬಂದದ್ದು ಹದಿನಾರು ವರ್ಷದ ಹಿಂದಿನ ಆ ಶುಕ್ರವಾರ. ನೋಡಿದೆಯಾ ಅತ್ತೆ, ಯಾರಿಗೆ ಕೊಟ್ಟೆ ನೋಡು ನಿನ್ನ ಪೀಪಾಯಿಯನ್ನು.

ಮೊದಲು ನೈಲ್ ಮಲ್ಲಿಗೆಯ ಹೆಸರಲ್ಲಿ ಬರೆದಳು: "ಇದು ಕೌಸರ್ ಅಂಗಡಿಯ ಮೀನು." ಯಾರೂ ತಿರುಗಿ ನೋಡಲಿಲ್ಲ. ಸುಳ್ಳು ಹೆಸರಿಗೆ ಏನು ಬೆಲೆ? ಎರಡು ನಿಮಿಷ ಕಾದು, ತಡೆಯಲಾರದೆ ತನ್ನ ಸ್ವಂತ ಹೆಸರಲ್ಲಿ ಬರೆದಳು. "ನಾನು ರತೀಬಾಳ ಹಿರಿಯ ಸೊಸೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಈ ಮೀನು ನನ್ನ ಓರಗಿತ್ತಿ ಕೌಸರ್‌ಳ ಎಡಗೈ ಕೆಲಸ. ಕಿವಿರು ನೋಡಿದರೆ ನನಗೆ ಗೊತ್ತಾಗುತ್ತದೆ."

ಅರ್ಧ ಗಳಿಗೆಯಲ್ಲಿ ಮಿದ್‌ಹತ್‌ನ ಫೋನು ಬಂತು. "ಅತ್ತೆಮ್ಮ, ನೀವೇ ಬರೆದಿದ್ದಾ? ಗ್ಯಾರಂಟಿನಾ?"

"ನನ್ನ ಕಣ್ಣಿಗೆ ಗ್ಯಾರಂಟಿ ಕೇಳ್ತೀಯಾ? ನಿಮ್ಮಮ್ಮ ಮದುವೆಯಾಗಿ ಬರೋ ಮುಂಚೆಯಿಂದ ಮೀನು ತುಂಬ್ತಿದೀನಿ."

"ಹಂಗಲ್ಲ, ಕೌಸರಮ್ಮನ್ನೂ ಒಂದು ಮಾತು ಕೇಳಬೇಕಿತ್ತು..."

"ಕಳ್ಳನ್ನ ಕೇಳಿ ಕಳ್ಳ ಹಿಡೀತಾರಾ?"

ಮಿದ್‌ಹತ್‌ಗೆ ಅಷ್ಟು ಸಾಕಿತ್ತು. "ವಿಷದ ಮೀನು ಯಾರದ್ದು? ಮನೆಯವರೇ ಬಾಯಿಬಿಟ್ಟರು!" ಎಂದು ಹಾಕಿದ, ಬದ್ರಿಯಾಳ ಮಾತನ್ನು ಕೆಂಪಕ್ಷರದಲ್ಲಿ ಅಂಟಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹಿಂದೆಲ್ಲ ಕಟ್ಟಲು ಹೋದವರಿಗೆ ದಾರಿಯಲ್ಲಾದರೂ ಸ್ವಲ್ಪ ಬುದ್ಧಿ ಬರುತ್ತಿತ್ತು. ಈಗ ದಾರಿಯೇ ಇಲ್ಲ, ಬೆರಳು ಒತ್ತಿದರೆ ಮುಗಿಯಿತು. ಹತ್ತೂವರೆಯೊಳಗೆ ಸುದ್ದಿ ಕೈರೋ ಮುಟ್ಟಿತು. ನಾಲ್ವರು ಆಸ್ಪತ್ರೆಯಲ್ಲಿದ್ದದ್ದು ಯಾರದೋ ಕೈಯಲ್ಲಿ ಇಬ್ಬರು ಸತ್ತಂತಾಯಿತು, ಇನ್ನೊಬ್ಬರ ಕೈಯಲ್ಲಿ ನಾಲ್ವರೂ ಸತ್ತರು.

ಎದುರಿನ ಸಾಲು ಒಡೆಯುವುದನ್ನು ಬದ್ರಿಯಾ ತನ್ನ ಬಾಗಿಲಲ್ಲೇ ನಿಂತು ನೋಡಿದಳು. ಮೊದಲು ಸಾಲಿನಲ್ಲಿದ್ದವರ ಕೈಗಳು ಫೋನಿನ ಕಡೆ ಹೋದವು, ಆಮೇಲೆ ಒಬ್ಬೊಬ್ಬರೇ ಹಿಂದೆ ಸರಿದರು. ಕೊಂಡವರು ಪೊಟ್ಟಣ ತಂದು ಕೌಸರ್‌ಳ ಮುಂದೆ ಎಸೆದರು. ಕಾಲುವೆ ದಂಡೆಯಿಂದ ಗಂಡಸರ ಗುಂಪೊಂದು ಬಂತು. ಅವರಲ್ಲಿ ತೌಫೀಕ್‌ನ ನೆಂಟರು ಇಬ್ಬರಿದ್ದಿರಬಹುದು, ಉಳಿದವರಿಗೆ ಅವನ ಮುಖಪರಿಚಯವೂ ಇರಲಿಲ್ಲ. ಅರ್ಧ ಜನ ಕೂಗುತ್ತಿದ್ದರು, ಅರ್ಧ ಜನ ಫೋನು ಎತ್ತಿ ಹಿಡಿದಿದ್ದರು.

"ಏಯ್ ಎಡಚಿ, ಹೊರಗೆ ಬಾ!"

"ಮಕ್ಕಳನ್ನ ಕೊಂದು ವಿಡಿಯೋ ಮಾಡ್ತೀಯಾ?"

ಕೌಸರ್ ಬಾಗಿಲಿಗೆ ಬಂದಳು. ಅವಳ ಕೈಯಲ್ಲೂ ಫೋನಿತ್ತು, ಪರದೆಯ ಮೇಲೆ ಅದೇ ಚಿತ್ರ. ಅದನ್ನು ಒಮ್ಮೆ ನೋಡಿದಳು. ತಲೆಯೆತ್ತಿ ಓಣಿಯಾಚೆಗೆ, ಬದ್ರಿಯಾಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಪ್ಲಾಸ್ಟಿಕ್ ಪೀಪಾಯಿಗಳು ಉರುಳಿ ಒಡೆದವು, ಉಪ್ಪುನೀರು ಚರಂಡಿಗೆ ಹರಿಯಿತು. ಹಿಪ್ಪುನೇರಳೆಯ ಪೀಪಾಯಿ ಉರುಳಲಿಲ್ಲ, ಭಾರವಿತ್ತು. ಯಾರೋ ಕಬ್ಬಿಣದ ಸಲಾಕಿ ತಂದ. ಮೂರನೆಯ ಏಟಿಗೆ ಅದರ ಪಟ್ಟಿ ಕಳಚಿ ಹಲಗೆಗಳು ಹೂವಿನ ಎಸಳಿನಂತೆ ಬಿಚ್ಚಿಕೊಂಡವು. ಆ ಶಬ್ದಕ್ಕೆ ಬದ್ರಿಯಾ ತನಗೇ ತಿಳಿಯದಂತೆ ಒಂದು ಹೆಜ್ಜೆ ಮುಂದಿಟ್ಟಳು. ಅದು ತನಗೆ ಬೇಕಾಗಿತ್ತು, ಒಡೆಯುವುದಕ್ಕಲ್ಲ. ಆದರೆ ಆ ಹೊತ್ತಿಗೆ ಗಿರಾಕಿಗಳು ಅವಳ ಬಾಗಿಲಿಗೆ ಮುತ್ತಿದ್ದರು.

"ಅಮ್ಮ, ನಿಮ್ಮದೇ ಕೊಡಿ. ನೀವಾದ್ರೆ ನಂಬಬಹುದು."

ಮಧ್ಯಾಹ್ನದ ನಮಾಜಿನೊಳಗೆ ಅವಳ ಪೀಪಾಯಿಗಳೆಲ್ಲ ಬರಿದಾದವು. ಹದಿನಾರು ವರ್ಷದಲ್ಲಿ ಆಗದಿದ್ದದ್ದು. ಆರೋಗ್ಯ ಇಲಾಖೆಯವರು ಬಂದು ಎದುರು ಅಂಗಡಿಯಲ್ಲಿ ಉಳಿದಿದ್ದ ಮೀನನ್ನು ಪರೀಕ್ಷೆಗೆ ತೆಗೆದುಕೊಂಡು, ಬಾಗಿಲಿಗೆ ಕೆಂಪು ಅರಗಿನ ಮುದ್ರೆ ಹಾಕಿ ಹೋದರು.

ಕೊಳದಿಂದ ಬಂದ ಶಹಾತಾ ಲಾರಿಯಿಂದ ಇಳಿಯದೆ ಎಷ್ಟೋ ಹೊತ್ತು ಆ ಮುದ್ರೆಯನ್ನೇ ನೋಡುತ್ತ ಕೂತಿದ್ದ. ಒಳಗೆ ಬಂದು ಕೇಳಿದ: "ನೀನು ಆ ಮೀನು ಮುಟ್ಟಿ ನೋಡಿದ್ಯಾ? ಮೂಸಿ ನೋಡಿದ್ಯಾ?"

"ಫೋಟೋದಲ್ಲಿ ಕಾಣ್ಸಲ್ವಾ? ಬಲಕಿವಿರು ರೀ. ನೀವೇ ನೋಡಿ."

"ನಾನು ಯಾಕೆ ನೋಡ್ಲಿ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನೀನು ಎರಡನ್ನೂ ಒಂದೇ ಬೆಳಗ್ಗೆ ಮಾಡಿದೀಯ." ಅವತ್ತು ಅವನು ಚಹಾ ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಇನ್ನೊಂದು ಸುದ್ದಿ ಬಂತು, ಸಣ್ಣದಾಗಿ, ಕೆಂಪಕ್ಷರವಿಲ್ಲದೆ. ತೌಫೀಕ್‌ನ ಮನೆಯವರಿಗೆ ತಗುಲಿದ್ದು ಮೀನಲ್ಲ. ಊಟ ಮುಗಿಸಿ ಕಾಲುವೆ ದಂಡೆಗೆ ಹೊರಡಲೆಂದು ಒಬ್ಬರಾದ ಮೇಲೊಬ್ಬರು ಬಿಸಿನೀರು ಕಾಸಿಕೊಂಡು ಸ್ನಾನ ಮಾಡಿದ್ದರು. ಗ್ಯಾಸಿನ ಹೊಗೆ ಹೊರಗೆ ಹೋಗುವ ಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಹೊಗೆ ಕುಡಿದು ವಾಂತಿ ಮಾಡಿಕೊಂಡು ಬಿದ್ದಿದ್ದರು, ಈಗ ಎಲ್ಲರೂ ಹುಷಾರು. ಬೆಳಗಿನ ಸುದ್ದಿಯನ್ನು ಒಂಬತ್ತು ಸಾವಿರ ಜನ ಹಂಚಿದ್ದರು. ಇದನ್ನು ಹಂಚಿದವರು ಹದಿನೇಳು ಜನ. ಉಳಿದವರು ಆಗಲೇ ಬೇರೆ ಊರಿನ ಬೇರೆ ಸುದ್ದಿಗೆ ಹೋಗಿದ್ದರು.

"ಏನಾದ್ರೂ ಆಗ್ಲಿ, ಮೀನು ಅವಳದ್ದೇ ತಾನೆ? ನಾನು ಸುಳ್ಳು ಹೇಳಿಲ್ವಲ್ಲ," ಎಂದು ಬದ್ರಿಯಾ ಗೋಡೆಗೆ ಹೇಳಿಕೊಂಡಳು. ಮೂರು ದಿನ ಆ ಒಂದು ಮಾತನ್ನೇ ಹಿಡಿದುಕೊಂಡು ಓಡಾಡಿದಳು.

ಗುರುವಾರ ಬೆಳಗ್ಗೆ ತೌಫೀಕ್‌ನ ಹೆಂಡತಿ ಅಫಾಫ್ ಬಂದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಕೂರಲಿಲ್ಲ.

"ರಿಫಾತನಮ್ಮ, ನಾನು ನಿಮ್ಮನ್ನ ಒಂದು ಮಾತು ಕೇಳಬೇಕು. ನೆನ್ನೆ ತನಕ ನನ್ನ ಕೈಗೆ ಫೋನು ಕೊಟ್ಟಿರಲಿಲ್ಲ. ನೆನ್ನೆ ನೋಡಿದೆ. ನೀವು ಯಾಕೆ ಹಂಗೆ ಬರೆದ್ರಿ?"

"ಹೆಂಗೆ ಬರೆದೆ?"

"ಮೀನು ಕೌಸರಮ್ಮಂದು ಅಂತ. ಹನ್ನೊಂದು ವರ್ಷದಿಂದ ನಾನು ನಿಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಫಿಸೀಖ್ ತಗೊಂಡಿಲ್ಲ. ಶನಿವಾರ ನಾನೇ ಬಂದಿದ್ದೆ. ದೊಡ್ಡ ಮೀನು ಕೊಡಿ ಅಂದೆ, ಒಳಗಿಂದ ನೀವೇ ಆರಿಸಿ ತಂದ್ರಿ. ಮೇಲೊಂದು ನಿಂಬೆಹಣ್ಣು ಹಾಕಿದ್ರಿ."

ನಿಂಬೆಹಣ್ಣು ಬದ್ರಿಯಾಳಿಗೆ ನೆನಪಾಯಿತು. ಈ ಗಿರಾಕಿಯ ಗಂಡನ ಹೆಸರನ್ನು ಅವಳು ಎಂದೂ ಕೇಳಿರಲಿಲ್ಲ. "ಇಲ್ಲಮ್ಮ, ಫೋಟೋದಲ್ಲಿ ಬಲಕಿವಿರು..." ಎನ್ನುತ್ತ ಫೋನು ತೆಗೆದಳು. ಚಿತ್ರ ಇನ್ನೂ ಅಲ್ಲೇ ಇತ್ತು. ಮೀನು ನೋಡಿದಳು, ಬಲಕಿವಿರೇ. ಆಮೇಲೆ ಮೊದಲ ಬಾರಿಗೆ ಬೆರಳು ಸರಿಸಿ ಮನುಷ್ಯರನ್ನು ನೋಡಿದಳು.

ತೌಫೀಕ್ ಎಡಗೈಯಲ್ಲಿ ರೊಟ್ಟಿ ಹಿಡಿದಿದ್ದ. ಎದುರಿಗೆ ನಿಂತಿದ್ದ ಈ ಅಫಾಫ್ ಎಡಗೈಯಲ್ಲಿ ತುತ್ತು ಎತ್ತಿದ್ದಳು. ಪುಟ್ಟ ಹುಡುಗನ ಎಡಗೈ ಬಾಯಲ್ಲಿತ್ತು.

"ನಿಮ್ಮ ಮನೇಲಿ... ಎಲ್ಲರೂ ಎಡಗೈಲಿ ತಿಂತೀರಾ?"

"ಛೀ, ನಾವ್ಯಾಕೆ ಎಡಗೈಲಿ ತಿನ್ನೋಣ? ಹುಡುಗಿ ತನ್ನ ಮುಖಾನೂ ಬರ್ಲಿ ಅಂತ ಮುಂದಿನ ಕ್ಯಾಮೆರಾದಲ್ಲಿ ತೆಗೆದ್ಲು. ಅದು ಕನ್ನಡಿ ಇದ್ದಂಗಂತೆ. ಎಡ ಬಲ ಆಗತ್ತೆ, ಬಲ ಎಡ ಆಗತ್ತೆ."

ಕಿತ್ತಳೆ ಚೀಲವನ್ನು ಅಫಾಫ್ ಅಲ್ಲಿ ಇಡಲಿಲ್ಲ. ಅದು ಎದುರು ಮನೆಗೆಂದು ತಂದದ್ದು.

ಬದ್ರಿಯಾ ಅಲ್ಲೇ ಉಪ್ಪಿನ ಚೀಲದ ಮೇಲೆ ಕೂತಳು. ಇಪ್ಪತ್ತಾರು ವರ್ಷದಿಂದ ಒಂದು ಕೈ ಎಡವೋ ಬಲವೋ ಎಂದು ನೋಡಿಕೊಂಡು ಬಂದ ಕಣ್ಣು. ಊಟದ ಮುಂದೆ ಕೂತ ಒಂದಿಡೀ ಮನೆ ಎಡಗೈಯಲ್ಲಿ ತಿನ್ನುತ್ತಿದ್ದರೂ ಅದಕ್ಕೆ ಕಂಡಿರಲಿಲ್ಲ. ತನ್ನ ಕೈಯ ಮೀನಿಗೆ ತಾನೇ ಎಡಚಿಯ ಹೆಸರಿಟ್ಟಿದ್ದಳು.

ಅಫಾಫ್ ಹೊರಟ ಮೇಲೆ ಓಣಿ ದಾಟಿದಳು. ಹದಿನಾರು ವರ್ಷದಲ್ಲಿ ಮೈದುನ ಸತ್ತಾಗ ಒಮ್ಮೆ ದಾಟಿದ್ದಳು, ಅಷ್ಟೆ. ಅಂಗಡಿಗೆ ಮುದ್ರೆಯಿತ್ತು, ಹಿಂದಿನ ಅಂಗಳದ ಬಾಗಿಲು ತೆರೆದಿತ್ತು. ಕೌಸರ್ ನೆಲದ ಮೇಲೆ ಕೂತು ಪೀಪಾಯಿಯ ಹಲಗೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸುತ್ತಿದ್ದಳು. ಹದಿನೆಂಟು ಹಲಗೆಯಲ್ಲಿ ಐದು ಸೀಳಿದ್ದವು.

"ಬನ್ನಿ ಅಕ್ಕ. ಕೂತ್ಕೊಳ್ಳಿ."

ಬದ್ರಿಯಾ ಕೂರಲಿಲ್ಲ. "ಅದು ನನ್ನ ಮೀನು."

"ಹೂಂ."

"ಹೂಂ ಅಂದ್ರೆ?"

"ಐದು ವರ್ಷದಿಂದ ದಿನಾ ಫೋನಿನ ಮುಂದೆ ಕೂತು ಮೀನು ತುಂಬ್ತೀನಿ ಅಕ್ಕ. ಮುಂದಿನ ಕ್ಯಾಮೆರಾ ಏನು ಮಾಡತ್ತೆ ಅಂತ ನಂಗೊತ್ತಿಲ್ವಾ? ಮೊದಮೊದಲು ನಾನೂ ಅದರಲ್ಲಿ ಬಲಗೈಯವಳ ಹಂಗೆ ಕಾಣ್ತಿದ್ದೆ. ನಿಮ್ಮ ಕೈ ನೋಡಿದಂಗಾಗ್ತಿತ್ತು." ಅವಳು ಬಟ್ಟೆ ಹಿಂಡಿದಳು. "ಅವತ್ತು ಬಾಗಿಲಲ್ಲಿ ನಿಂತು ನೋಡಿದ ತಕ್ಷಣ ಗೊತ್ತಾಯ್ತು. ನಾಲ್ಕು ಜನಾನೂ ಎಡಗೈಲಿ ತಿಂತಿದಾರೆ. ಸೈತಾನನಿಗೆ ಜಾಗ ಎಲ್ಲಿತ್ತು ಅಲ್ಲಿ?"

ಹಳೆಯ ಕುಟುಕು ತಿರುಗಿ ಬದ್ರಿಯಾಳಿಗೇ ಬಂದು ಬಿತ್ತು. "ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ದಿದ್ರೆ ಬಿಡ್ತಿದ್ರಲ್ಲೇ ನಿನ್ನ."

"ನನ್ನ ಬಿಟ್ಟು ಓಣಿ ದಾಟ್ತಿದ್ರು. ಸಲಾಕಿ ಅವರ ಕೈಯಲ್ಲೇ ಇತ್ತು."

"ಪುಣ್ಯಾತ್ಗಿತ್ತಿ ಆಗ್ಬೇಕು ಅಂತಿದ್ಯಾ?"

"ಇಲ್ಲಕ್ಕ. ಅವತ್ತು ಸಾಯಂಕಾಲ ಬರೆದೆ, 'ಮೀನು ಬದ್ರಿಯಾದು' ಅಂತ. ಅಳಿಸಿದೆ. ಮತ್ತೆ ಬರೆದೆ. ಮೂರು ಸಲ. ನಿಮ್ಮ ಮೇಲೆ ಅಷ್ಟು ಸಿಟ್ಟಿತ್ತು. ಆಮೇಲೆ ಅನ್ನಿಸ್ತು, ಅತ್ತೆ ಕೈ ಉಳಿದಿರೋದು ಎರಡು ಮನೇಲಿ. ಒಂದು ಹೋಯ್ತು. ಇನ್ನೊಂದಾದ್ರೂ ಇರ್ಲಿ." ಇನ್ನೊಂದು ಹಲಗೆ ಎತ್ತಿಕೊಂಡು ಹೇಳಿದಳು: "ಮತ್ತೆ, ನೈಲ್ ಮಲ್ಲಿಗೆ ಇಲ್ದೆ ನನ್ನ ವಿಡಿಯೋ ಯಾರು ಒಂದೂ ಬಿಡದೆ ನೋಡ್ತಾರೆ?"

ಬದ್ರಿಯಾಳ ಕಿವಿ ಬಿಸಿಯಾಯಿತು. ಅಲ್ಲಿ ನಿಂತು ಅವಳಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಪಶ್ಚಾತ್ತಾಪವೂ ಅಲ್ಲ. ಹೊಟ್ಟೆಕಿಚ್ಚು. ಹಿಂದೆಂದೂ ಇಲ್ಲದಷ್ಟು. ಪೀಪಾಯಿ ಇವಳಿಗೆ ಸಿಕ್ಕಿತು, ಹೆಸರು ಇವಳಿಗೆ ಸಿಕ್ಕಿತು, ಈಗ ಬಾಯಿ ಮುಚ್ಚಿಕೊಂಡಿರುವ ಈ ಗಟ್ಟಿತನವೂ ಇವಳಿಗೇ. ತಾನಾಗಿದ್ದರೆ ಮೊದಲ ಸಲವೇ ಬರೆದು ಕಳಿಸಿಬಿಡುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುದುಕಿಗೂ ಅದು ಗೊತ್ತಿತ್ತೋ ಏನೋ.

"ಫೋನು ಎತ್ತು," ಎಂದಳು.

"ಯಾಕೆ?"

"ಎತ್ತೇ. ನಿಂಗೊತ್ತಲ್ಲ ಎಲ್ಲಿ ಒತ್ತೋದು ಅಂತ. ಹಿಂದಿನ ಕ್ಯಾಮೆರಾ ಹಾಕು, ನನ್ನ ಕೈ ಇದ್ದಂಗೇ ಕಾಣ್ಬೇಕು."

ಕೌಸರ್ ಫೋನು ಹಿಡಿದಳು. ಬದ್ರಿಯಾ ತಲೆಬಟ್ಟೆ ಸರಿಮಾಡಿಕೊಂಡು ಬಲಗೈ ಎತ್ತಿ ತೋರಿಸಿದಳು. "ನಾನು ಬದ್ರಿಯಾ. ಶಹಾತಾನ ಹೆಂಡತಿ. ತೌಫೀಕ್ ಅವರ ಮನೆಯ ಮೀನು ಕೌಸರದ್ದಲ್ಲ. ಈ ಕೈ ತುಂಬಿದ್ದು. ಫೋಟೋ ತಿರುಗುಮುರುಗಾಗಿತ್ತು, ನಾನು 'ಎಡಗೈದು' ಅಂದುಬಿಟ್ಟೆ. ಅಂದುಬಿಡಕ್ಕೆ ಕಾಯ್ತಾ ಇದ್ದೆ. ಮೀನು ಕೆಟ್ಟಿರಲಿಲ್ಲ. ಕೆಟ್ಟಿದ್ದು ನಾನು." ಕೈ ಇಳಿಸಿದಳು. "ಸಾಕು, ನಿಲ್ಸು."

ಕೌಸರ್ ಹಾಕಿದ ಆ ವಿಡಿಯೋಗೂ ಜನ ಬಂದರು. ಗ್ಯಾಸಿನ ಮಾತು, ಪಾರಿವಾಳದ ಗೂಡು, ಇದು ಯಾರಿಗೂ ಬೇಕಿರಲಿಲ್ಲ. "ಹಾಗಾದರೆ ವಿಷದ ಮೀನು ಬದ್ರಿಯಾದು!" ಎಂದು ಬರೆದರು. "ಇಬ್ಬರೂ ಸೇರಿ ನಾಟಕ," ಎಂದೂ ಬರೆದರು. ಮಿದ್‌ಹತ್ ಕೆಂಪಕ್ಷರದಲ್ಲಿ ಹಾಕಿದ: "ಹೊಸ ತಿರುವು!" ಬದ್ರಿಯಾಳ ಬಾಗಿಲಲ್ಲಿ ಮರುದಿನ ಮುಂದಿನ ಮೀನಿಗೆ ಹೇಳಿಡಲು ಒಬ್ಬನೂ ನಿಲ್ಲಲಿಲ್ಲ. ಅವಳ ಹೆಸರಿಗೆ ಬಿದ್ದ ಬೈಗುಳಗಳನ್ನೆಲ್ಲ ಅವಳು ಒಂದೂ ಬಿಡದೆ ಓದಿದಳು. ನಡುವೆ ಒಂದು ಕಡೆ ಕೌಸರ್ ಬರೆದಿದ್ದಳು: "ನಾನು ತಿನ್ನುವುದು ಇವರ ಅಂಗಡಿಯ ಮೀನನ್ನೇ." ಸುಳ್ಳು, ಅವಳು ಎಂದೂ ತಿಂದವಳಲ್ಲ.

ಹನ್ನೆರಡು ದಿನದ ಮೇಲೆ ಪರೀಕ್ಷೆಯ ಕಾಗದ ಬಂತು, ಮೀನಿನಲ್ಲಿ ದೋಷವಿಲ್ಲ ಎಂದು. ಇಲಾಖೆಯವನು ಮುದ್ರೆ ಒಡೆದು ಹೋದ. ಕೌಸರ್ ಬಾಗಿಲು ತೆರೆದು ಬರಿಯ ಅಂಗಡಿಯ ನಡುವೆ ಪೊರಕೆ ಹಿಡಿದು ನಿಂತಳು. ತುಂಬಿಸಲು ಅವಳ ಹತ್ತಿರ ಒಂದು ಪೀಪಾಯಿಯೂ ಇರಲಿಲ್ಲ.

ಬದ್ರಿಯಾ ಕಿಟಕಿಯಿಂದ ನೋಡಿದಳು. ಆಗಲೇ ಇಬ್ಬರು ಗಿರಾಕಿಗಳು ಅಲ್ಲಿ ನಿಂತು, ಯಾವಾಗ ಮೀನು ಸಿಗುತ್ತೆ ಎಂದು ಕೇಳುತ್ತಿದ್ದರು. ಪಾಪ ಎಂದು ಬಂದವರು. ತನ್ನ ಬಾಗಿಲಲ್ಲಿ ಬೆಕ್ಕೂ ಇರಲಿಲ್ಲ. ಅವಳು ಒಳಗೆ ಹೋಗಿ ತನ್ನ ಮರದ ಪೀಪಾಯಿಯನ್ನು ಮೂಲೆಯಿಂದ ಎಳೆದಳು. ಅಂಗಡಿ ಬೇರೆಯಾದ ವರ್ಷ, ಅತ್ತೆಯದರ ಅಳತೆಗೇ, ಅದೇ ಮರದಲ್ಲಿ, ಹಟದಿಂದ ಮಾಡಿಸಿದ್ದು. ಹದಿನಾರು ವರ್ಷದ ಉಪ್ಪು ಕುಡಿದು ಅದೂ ಕಪ್ಪಾಗತೊಡಗಿತ್ತು.

ಶಹಾತಾ ಕೈಹಾಕಲು ಎದ್ದ. "ಕೂತ್ಕೊಳ್ಳಿ. ಒಡೆಸಿದೋಳು ನಾನು," ಎಂದಳು.

ಮಲಗಿಸಿ ಉರುಳಿಸಿಕೊಂಡು ಓಣಿಗೆ ಇಳಿದಳು. ಓಣಿಯ ಜನ ಕೆಲಸ ಬಿಟ್ಟು ನೋಡಿದರು, ಇಬ್ಬರು ಫೋನೂ ಎತ್ತಿದರು. ಬದ್ರಿಯಾ ಯಾರ ಕಡೆಗೂ ನೋಡಲಿಲ್ಲ. ಒಂದೊಂದು ಉರುಳಿಗೂ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅತ್ತೆಯದು ಅವಳಿಗೇ ಹೋಯಿತು, ಈಗ ನನ್ನದೂ ಅವಳಿಗೇ. ಕಣ್ಣಲ್ಲಿ ನೀರು ಬಂದರೂ ಕೈ ಮಾತ್ರ ಉರುಳಿಸುತ್ತಲೇ ಇತ್ತು.

ಕೌಸರ್ ಪೊರಕೆ ಬಿಸಾಡಿ ಓಡಿಬಂದು ಇನ್ನೊಂದು ಪಕ್ಕ ಎಡಗೈ ಕೊಟ್ಟಳು.

"ಆ ಕೈ ಬೇಡ, ಬಲಗೈ ಹಾಕು. ಓರೆಯಾಗ್ತಿದೆ," ಎಂದಳು ಬದ್ರಿಯಾ.

"ನನ್ನ ಕೈಗೆ ಹೆಂಗೆ ಬರತ್ತೋ ಹಂಗೆ, ಅಕ್ಕ."

ಬದ್ರಿಯಾ ತನ್ನ ಪಕ್ಕದಿಂದ ತಳ್ಳಿದಳು. ಪೀಪಾಯಿ ಸ್ವಲ್ಪ ಓರೆಯಾಗಿಯೇ ಹೊಸಿಲು ದಾಟಿತು.